ಡಬ್ಬಿಗೆ ಚಿಕನ್ ಬೇಕನ್ ರೋಲ್: ಮಧ್ಯಾಹ್ನದ ತನಕ ಒದ್ದೆ ಆಗದ ಹಾಗೆ

ಅಕ್ಕ, ನೀವು ಹಾಕಿದ್ದು ಈಗ ನೋಡಿದೆ. ಬೆಳಿಗ್ಗೆ ಏಳೂವರೆಗೆ ಹಾಸನದ ಬಸ್ಸು ಹತ್ತುವ ಯಜಮಾನರಿಗೆ ಚಿಕನ್ ಬೇಕನ್ ರೋಲ್ ಕಟ್ಟಿ ಕೊಟ್ಟಿರಿ, ಮಧ್ಯಾಹ್ನ ಬಿಚ್ಚಿದರೆ ಚಪಾತಿ ನೆಂದು ಹರಿದಿತ್ತು, ಬೇಕನ್ ರಬ್ಬರ್ ಥರ ಎಳೆಯುತ್ತಿತ್ತು, ಸುಲಭದ ದಾರಿ ಇದ್ದರೆ ಹೇಳಿ ಅಂದಿದ್ದೀರಿ. ಮೇಲೆ ಇಬ್ಬರು ಸಾಸ್ ಬದಲಾಯಿಸಿ ಅಂದಿದ್ದಾರೆ. ನನಗೆ ಅನಿಸೋದು ತಪ್ಪು ಸಾಸಿನದ್ದಲ್ಲ. ಬಿಸಿ ಇರುವಾಗಲೇ ಸುತ್ತಿಬಿಟ್ಟಿದ್ದೀರಿ. ಒಳಗಿನ ಹಬೆಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಅಲ್ಲೇ ನೀರಾಗಿ ಚಪಾತಿಗೆ ಇಳಿಯುತ್ತೆ. ಎಲ್ಲ ಆರಿದ ಮೇಲೆ ಸುತ್ತಿ, ಅರ್ಧ ತೊಂದರೆ ಅಲ್ಲೇ ಹೋಗುತ್ತೆ.

ನಾವು ಮೂಡಿಗೆರೆ ಕಡೆಯವರು. ಕಾಫಿ ಕೊಯ್ಲು ಶುರುವಾದರೆ ನಮ್ಮನೇಲಿ ಮಧ್ಯಾಹ್ನ ಯಾರೂ ಎಲೆ ಮುಂದೆ ಕೂರಲ್ಲ. ಒಬ್ಬರು ತೋಟದಲ್ಲಿ, ಒಬ್ಬರು ಕಣದಲ್ಲಿ, ಮಗಳು ಚಿಕ್ಕಮಗಳೂರಿಗೆ ಕಾಲೇಜಿಗೆ. ಒಂದು ಕೈಯಲ್ಲಿ ಹಿಡಿದು ತಿನ್ನೋ ಊಟ ಬೇಕಾಗಿತ್ತು, ಹಾಗೆ ಇದು ರೂಢಿ ಆಯ್ತು. ಈಗ ವಾರಕ್ಕೊಂದು ದಿನ ಇದ್ದೇ ಇರುತ್ತೆ.

ಮೊದಲು ಬೇಕನ್, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ. ಇದು ಹಂದಿ ಹೊಟ್ಟೆ ಭಾಗದ ಮಾಂಸ. ಉಪ್ಪು, ನೈಟ್ರೈಟ್ (ಮಾಂಸ ಕೆಡದ ಹಾಗೆ ಹಾಕೋ ಲವಣ) ಹಾಕಿ ಕೆಲವು ದಿನ ಇಟ್ಟು, ಸಾಮಾನ್ಯವಾಗಿ ಹೊಗೆಯನ್ನೂ ಕೊಟ್ಟು, ತೆಳ್ಳಗೆ ಹೆಚ್ಚಿರುತ್ತಾರೆ. ಹೊಗೆ ಕೊಟ್ಟಿದ್ದಾರೆ ಅಂತ ಬೆಂದಿದೆ ಅಂದ್ಕೋಬೇಡಿ. ಅಂಗಡಿಯಲ್ಲಿ ಸಿಗೋ ಬೇಕನ್ ಬಹುಪಾಲು ಹಸಿದೇ, ಪೂರ್ತಿ ಬೇಯಿಸಲೇಬೇಕು. ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ತಗೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ. ಒಳಗೆ ಐಸ್ ಹರಳು ದಪ್ಪಗೆ ಕಟ್ಟಿದ್ದರೆ ಬಿಟ್ಟುಬಿಡಿ, ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾಗಿರಬಹುದು. ಒಂದು ಜುಲೈಯಲ್ಲಿ, ಮೂರು ದಿನ ಕರೆಂಟ್ ಇಲ್ಲದ ಮಳೆ ಮುಗಿದ ಮೇಲೆ, ನೋಡದೆ ತಂದ ಪ್ಯಾಕೆಟ್ ಬಿಚ್ಚಿದ ಕೂಡಲೇ ಹುಳಿ ವಾಸನೆ ಬಂತು. ಪೂರ್ತಿ ಎಸೆದೆ. ದುಡ್ಡು ಹೋಯ್ತು ಅಂತ ಬೇಜಾರಾದರೂ ಅಂಥದ್ದನ್ನು ಮನೆಯವರಿಗೆ ಬಡಿಸೋಕಾಗಲ್ಲ ಅಲ್ವಾ.

ಕಾವಲಿ ಕಾಯಿಸಿ ಬೇಕನ್ ಹಾಕಬೇಡಿ. ತಣ್ಣಗಿನ ಕಬ್ಬಿಣದ ಕಾವಲಿ ಮೇಲೆ ಪಟ್ಟಿಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಎಣ್ಣೆ ಒಂದು ಹನಿಯೂ ಬೇಡ. ಆಮೇಲೆ ಸಣ್ಣ ಉರಿ ಹಚ್ಚಿ. ಮೊದಲು ಏನೂ ಆಗಲ್ಲ ಅನಿಸುತ್ತೆ, ಕಾಯಿರಿ. ಬಿಳಿ ಕೊಬ್ಬು ನಿಧಾನಕ್ಕೆ ಗಾಜಿನ ಥರ ಆಗುತ್ತೆ, ಅಂಚು ಸುರುಟಿಕೊಳ್ಳುತ್ತೆ, ಕರಗಿದ ಕೊಬ್ಬು ಕಾವಲಿ ಮೇಲೆ ಹರಿಯುತ್ತೆ. ಶುರುವಿನಲ್ಲಿ ನೀರಿನ ಅಂಶ ಇರೋದ್ರಿಂದ ಚಟಪಟ ಸದ್ದು ಜೋರು, ಆ ಸದ್ದು ತಗ್ಗಿ ಸಣ್ಣ ನೊರೆ ಬಂತು ಅಂದ್ರೆ ಹತ್ತಿರ ಬಂತು ಅಂತ. ಒಂದೆರಡು ಸಲ ತಿರುವಿ ಹಾಕಿ, ಒಟ್ಟು ಎಂಟು ಹತ್ತು ನಿಮಿಷ. ಜೋರು ಉರಿಯಲ್ಲಿ ಮಾಡಿದರೆ ಹೊರಗೆ ಕಪ್ಪಾಗುತ್ತೆ, ಒಳಗಿನ ಕೊಬ್ಬು ಕರಗದೆ ಹಾಗೇ ಉಳಿಯುತ್ತೆ. ನಿಮ್ಮದು ರಬ್ಬರ್ ಆಗಿದ್ದಕ್ಕೆ ಅದೇ ಕಾರಣ ಇರಬೇಕು. ತೆಗೆದು ಪೇಪರ್ ಮೇಲೆ ಹಾಕಿ, ಆರಿದ ಮೇಲೆ ಇನ್ನೂ ಸ್ವಲ್ಪ ಗರಿಯಾಗುತ್ತೆ.

ಕಾವಲಿಯಲ್ಲಿ ಉಳಿದ ಕೊಬ್ಬನ್ನು ಮಾತ್ರ ಚೆಲ್ಲಬೇಡಿ. ರುಚಿ ಇರೋದೇ ಅದರಲ್ಲಿ. ಒಂದೂವರೆ ಚಮಚದಷ್ಟು ಬಿಟ್ಟು ಮಿಕ್ಕಿದ್ದನ್ನು ಗಾಜಿನ ಬಾಟಲಿಗೆ ಸೋಸಿ ಫ್ರಿಜ್ಜಿನಲ್ಲಿ ಇಡಿ. ಹಾಸನದ ಆಲೂಗಡ್ಡೆ ನಿಮ್ಮ ಮನೆ ಬಾಗಿಲಲ್ಲೇ ಸಿಗುತ್ತೆ, ಆ ಕೊಬ್ಬಲ್ಲಿ ಒಂದು ಸಲ ಹುರಿದು ನೋಡಿ.

ಚಿಕನ್ನಿಗೆ ಬನ್ನಿ. ನಾಲ್ಕು ರೋಲಿಗೆ 350 ಗ್ರಾಂ ಬೋನ್‌ಲೆಸ್ ಸಾಕು, ಬೇಕನ್ ಒಂದಕ್ಕೆ 2 ಪಟ್ಟಿ. ನಾಟಿ ಕೋಳಿ ಆಗುತ್ತಾ ಅಂತ ಒಬ್ಬರು ಕೇಳಿದ್ದಾರೆ. ಬೇಡ. ನಾಟಿ ಕೋಳಿ ಸಾರಿಗೇ ಚೆಂದ, ಇಷ್ಟು ಬೇಗ ಬೇಯಿಸಿದರೆ ಜಗಿಯೋಕಾಗಲ್ಲ. ಫಾರಂ ಕೋಳಿದೇ ತಗೊಳ್ಳಿ, ಎದೆ ಭಾಗಕ್ಕಿಂತ ತೊಡೆ ಭಾಗ ಆರಿದ ಮೇಲೂ ಮೆತ್ತಗಿರುತ್ತೆ. ಎದೆ ಭಾಗವೇ ಸಿಕ್ಕಿದರೆ ಎರಡು ಪ್ಲಾಸ್ಟಿಕ್ ಹಾಳೆ ಮಧ್ಯೆ ಇಟ್ಟು ಲಟ್ಟಣಿಗೆಯಲ್ಲಿ ಬಡಿದು ಎಲ್ಲ ಕಡೆ ಒಂದೇ ದಪ್ಪ ಮಾಡಿ, ಇಲ್ಲದಿದ್ದರೆ ತುದಿ ಒಣಗುತ್ತೆ, ಮಧ್ಯ ಹಸಿ ಉಳಿಯುತ್ತೆ. ಜಜ್ಜಿದ ಬೆಳ್ಳುಳ್ಳಿ, ತರಿತರಿ ಕುಟ್ಟಿದ ಕರಿಮೆಣಸು, ಸ್ವಲ್ಪ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ನಿಂಬೆ ರಸ. ಮನೇಲಿ ಹೇರಳೆಕಾಯಿ ಇದ್ದರೆ ನಿಂಬೆ ಬದಲು ಅದನ್ನೇ ಹಿಂಡಿ, ಘಮವೇ ಬೇರೆ. ಮೆಣಸು ಪ್ಯಾಕೆಟ್ ಪುಡಿ ಬೇಡ ದಯವಿಟ್ಟು. ನಮ್ಮ ತೋಟಗಳ ಸಿಲ್ವರ್ ಮರದ ಮೇಲೆಲ್ಲ ಹಬ್ಬಿರೋ ಬಳ್ಳಿ ಇಟ್ಕೊಂಡು ಪುಡಿ ಯಾಕೆ ಕೊಳ್ಳಬೇಕು, ಆಗಲೇ ಕುಟ್ಟಿ ಹಾಕಿ. ಉಪ್ಪು ನೀವು ಹಾಕೋದರಲ್ಲಿ ಅರ್ಧ ಮಾತ್ರ, ಬೇಕನ್‌ನಲ್ಲೇ ಬೇಕಾದಷ್ಟಿದೆ. ಹುಳಿ ಹಚ್ಚಿ 15 ನಿಮಿಷ ಬಿಟ್ಟರೆ ಸಾಕು, ಈ ರೋಲಿಗೆ ಮೊಸರಲ್ಲಿ ನೆನೆಸೋದು ಬೇಡ, ಕಾವಲಿಯಲ್ಲಿ ನೀರು ಬಿಡುತ್ತೆ.

ಆ ಬೇಕನ್ ಕೊಬ್ಬಿನಲ್ಲೇ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ ಬೇಯಿಸಿ. ದಪ್ಪ ಇರೋ ಕಡೆ ಕೊಯ್ದು ನೋಡಿ, ಒಳಗೆ ಎಲ್ಲೂ ಗುಲಾಬಿ ಬಣ್ಣ ಇರಬಾರದು, ಬರೋ ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ. ಇಳಿಸಿ ಐದು ನಿಮಿಷ ಬಿಟ್ಟು ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ. ತಕ್ಷಣ ಹೆಚ್ಚಿದರೆ ರಸ ಎಲ್ಲ ಮಣೆಗೆ ಹೋಗುತ್ತೆ. ಆಮೇಲೆ ಅಗಲ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಒಂದಿಪ್ಪತ್ತು ನಿಮಿಷ ಇಡಿ.

ಚಪಾತಿಗೆ 1 ಕಪ್ ಗೋಧಿ ಹಿಟ್ಟು, 1 ಕಪ್ ಮೈದಾ, 2 ಚಮಚ ಎಣ್ಣೆ, ಉಪ್ಪು, ಬೆಚ್ಚಗಿನ ಹಾಲು ನೀರು ಸೇರಿಸಿ ಮೆತ್ತಗೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಐದು ದೊಡ್ಡ ಚಪಾತಿ ಆಗುತ್ತೆ, ಊಟದ ತಟ್ಟೆಯಷ್ಟು ಅಗಲ ಲಟ್ಟಿಸಿ. ಚಿಕ್ಕದಾದರೆ ಮಡಿಸೋಕೆ ಅಂಚೇ ಸಿಗಲ್ಲ. ಜೋರು ಉರಿಯಲ್ಲಿ ಬೇಗ ಬೇಯಿಸಿ, ಕಲೆ ಕಾಣ್ತಿದ್ದ ಹಾಗೆ ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಅಕ್ಕಿ ರೊಟ್ಟಿಯಲ್ಲಿ ಮಾಡಬಹುದಾ ಅಂದ್ರೆ, ಮನೇಲೇ ಕೂತು ಬಿಸಿಬಿಸಿ ತಿನ್ನೋದಾದರೆ ಖಂಡಿತ, ಉಬ್ಬು ರೊಟ್ಟಿಯಲ್ಲಿ ಇದು ತುಂಬಾ ಚೆನ್ನಾಗಿರುತ್ತೆ. ಡಬ್ಬಿಗೆ ಬೇಡ. ಆರಿದ ಮೇಲೆ ಬಿರುಸಾಗಿ ಮಡಿಕೆಯಲ್ಲೇ ಒಡೆಯುತ್ತೆ.

ಸುತ್ತುವಾಗ ಮೊದಲು ಚಪಾತಿಗೆ ಬೆಣ್ಣೆ ತೆಳ್ಳಗೆ ಸವರಿ, ಜಿಡ್ಡು ಇದ್ದ ಕಡೆ ನೀರು ಬೇಗ ಇಳಿಯಲ್ಲ. ಅದರ ಮೇಲೆ ಲೆಟಿಸ್ ಎಲೆ, ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿದ್ದು. ಸಿಗದಿದ್ದರೆ ಎಲೆಕೋಸು ಕೂದಲೆಳೆಯಷ್ಟು ತೆಳ್ಳಗೆ. ಟೊಮೇಟೊ ಬೇಕಾದರೆ ಬೀಜ, ತಿರುಳು ತೆಗೆದು ಗಟ್ಟಿ ಭಾಗ ಮಾತ್ರ. ಸೌತೆಕಾಯಿ ಡಬ್ಬಿ ರೋಲಿಗೆ ಬೇಡವೇ ಬೇಡ. ಎಲೆ ಮೇಲೆ ಚಿಕನ್, ಅದರ ಮೇಲೆ ಬೇಕನ್, ಸಾಸ್ ಎಲ್ಲಕ್ಕಿಂತ ನಡುವೆ ಒಂದು ಗೆರೆ ಅಷ್ಟೇ, ಚಪಾತಿಗೆ ತಾಗದ ಹಾಗೆ. ಸಾಸಿಗೆ ನಾನು ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿ ನೀರಿಳಿಸಿದ ಮೊಸರಿಗೆ ಎರಡು ಜೀರಿಗೆ ಮೆಣಸು (ಪುಟ್ಟ, ತುಂಬಾ ಖಾರದ ಮೆಣಸಿನಕಾಯಿ) ಜಜ್ಜಿ ಹಾಕ್ತೀನಿ. ಅಂಗಡಿ ಮಯೋನೀಸ್ ಇದ್ದರೂ ಸರಿ. ಎರಡು ಬದಿ ಒಳಗೆ ಮಡಿಸಿ, ನಿಮ್ಮ ಕಡೆಯ ಅಂಚನ್ನು ಹೂರಣದ ಮೇಲೆ ಎಳೆದು ಬಿಗಿ ಮಾಡಿ ಸುತ್ತಿ, ಬಟರ್ ಪೇಪರಿನಲ್ಲಿ ಕಟ್ಟಿ. ಫಾಯಿಲ್ ಬೇಕಿದ್ದರೆ ಅದರ ಮೇಲೆ. ಮನೇಲೇ ತಿನ್ನೋರಿಗೆ ಮಾತ್ರ ಸೇರಿದ ಅಂಚು ಕೆಳಗೆ ಬರೋ ಹಾಗೆ ಕಾವಲಿ ಮೇಲೆ ಒಂದು ನಿಮಿಷ ಇಟ್ಟು ಕೊಡಿ, ಬಾಯಿ ಅಂಟಿಕೊಳ್ಳುತ್ತೆ.

ಬೆಳಿಗ್ಗೆ ಇಷ್ಟೆಲ್ಲ ಆಗಲ್ಲ, ಗೊತ್ತು. ರಾತ್ರಿಯೇ ಚಿಕನ್, ಬೇಕನ್ ಮಾಡಿ ಆರಿಸಿ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ, ಚಪಾತಿ ಹಿಟ್ಟನ್ನೂ ಕಲಸಿಡಿ. ಬೆಳಿಗ್ಗೆ ಚಪಾತಿ ಮಾಡಿ, ಅದು ಆರಿದ ಮೇಲೆ ಸುತ್ತೋದಷ್ಟೇ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ಏಳೂವರೆಗೆ ಹೊರಟು ಒಂದೂವರೆಗೆ ತಿಂದರೆ ಆರು ಗಂಟೆ ಆಯ್ತು. ಬೆಂದ ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 5ರಿಂದ 60 ಡಿಗ್ರಿ ಮಧ್ಯೆ ಕ್ರಿಮಿ ಬೇಗ ಬೆಳೆಯುತ್ತೆ. ಆಫೀಸಲ್ಲಿ ಫ್ರಿಜ್ ಇದ್ದರೆ ಹೋದ ಕೂಡಲೇ ಇಡೋಕೆ ಹೇಳಿ. ದಾರಿಗೆ ದಪ್ಪ ಟಿಫಿನ್ ಬ್ಯಾಗಿನಲ್ಲಿ ಗಟ್ಟಿಯಾದ ಐಸ್ ಬಾಟಲಿ ಜೊತೆ ಕಳಿಸಿ. ಫ್ರಿಜ್ ಇಲ್ಲ ಅಂದ್ರೆ ರೋಲ್ ಕಟ್ಟೋದೇ ಬೇಡ. ಥರ್ಮಾಸ್ ಡಬ್ಬಿಗೆ ಕುದಿಯೋ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಹೊಗೆಯಾಡೋ ಚಿಕನ್, ಬೇಕನ್ ಬಾಯಿ ತನಕ ತುಂಬಿ ಮುಚ್ಚಿ, ಚಪಾತಿ ಬೇರೆ ಕಟ್ಟಿ ಕೊಡಿ, ಅಲ್ಲೇ ಸುತ್ತಿಕೊಂಡು ತಿನ್ನಲಿ. ತಿನ್ನುವಾಗ ಚಿಕನ್ ಬಿಸಿಯಾಗೇ ಇರಬೇಕು. ಬೇಕನ್ ಗರಿ ಹೋಗುತ್ತೆ, ರುಚಿ ಹೋಗಲ್ಲ. ನಮ್ಮ ಯಜಮಾನರಿಗೆ ತೋಟಕ್ಕೆ ನಾನು ಕಳಿಸೋದು ಹೀಗೇ.

ಒಡೆದ ಬೇಕನ್ ಪ್ಯಾಕೆಟ್ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತೆ. ಅಷ್ಟರಲ್ಲಿ ಮುಗಿಯಲ್ಲ ಅನಿಸಿದರೆ ತಂದ ದಿನವೇ ನಾಲ್ಕು ನಾಲ್ಕು ಪಟ್ಟಿ ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಒಂದು ತಿಂಗಳ ಒಳಗೆ ಮುಗಿಸಿ. ಬೇಕಾದ ಹಿಂದಿನ ರಾತ್ರಿ ಒಂದು ಕಟ್ಟು ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆಗೆ ಬಿಡಿಬಿಡಿಯಾಗಿರುತ್ತೆ.