ಲೆನ್ಸ್ ಸ್ಪ್ಯಾನರ್ ಇಲ್ಲದೆ ಹಳೆಯ ಆಗ್ಫಾ ಐಸೊಲೆಟ್ ಕ್ಯಾಮೆರಾ ಬಿಚ್ಚುವುದು ಹೇಗೆ?

ಲೆನ್ಸ್ ಸ್ಪ್ಯಾನರ್ (ಬಳೆಯ ಸೀಳುಗಳಿಗೆ ಎರಡು ಮೊನೆ ಸಿಕ್ಕಿಸಿ ತಿರುಗಿಸುವ ಉಪಕರಣ) ಇಲ್ಲದೆ, ಫೋಕಸ್ ರಿಂಗ್ (ಚಿತ್ರ ಸ್ಪಷ್ಟವಾಗಲು ತಿರುಗಿಸುವ ಬಳೆ) ಕಚ್ಚಿಕೊಂಡು ತಿರುಗದ ಐಸೊಲೆಟ್ ಎಂಬ ಮಡಚುವ ಫಿಲ್ಮ್ ಕ್ಯಾಮೆರಾವನ್ನು ಕತ್ತರಿ, ಕಟಿಂಗ್ ಪ್ಲೇಯರ್‌ನಂತಹ ಮನೆಯ ಸಾಮಾನುಗಳಿಂದಲೇ ಬಿಚ್ಚಬಹುದೇ ಎಂದು ಕೇಳಿದ್ದೀರಿ. ನನ್ನ ಸೋದರಮಾವ ಕೊಟ್ಟ 1950ರ ದಶಕದ ಐಸೊಲೆಟ್‌ಗೂ ಇದೇ ಗತಿಯಾಗಿತ್ತು, ನಾನು ಕೈಗೆತ್ತಿಕೊಂಡದ್ದೂ ಕಟಿಂಗ್ ಪ್ಲೇಯರ್ ಅನ್ನೇ.

ರಿಂಗಿನ ಅಂಚಿನ ಮೂರು ಸಣ್ಣ ಸ್ಕ್ರೂಗಳನ್ನು ಸಡಿಲಿಸಿ ಅದನ್ನು ತೆಗೆದ ಮೇಲೆ ಮುಂದಿನ ಲೆನ್ಸ್ ಕೈಯಲ್ಲೇ ತಿರುಗಿತು. ಆದರೆ ಹೊರಬಂದದ್ದು ಅದೊಂದೇ ಅಲ್ಲ. ಅದಕ್ಕೆ ಅಂಟಿಕೊಂಡು ನಡುವಿನ ಲೆನ್ಸ್ ಕೂಡ ಶಟರ್‌ನಿಂದ (ಬೆಳಕನ್ನು ಕ್ಷಣಮಾತ್ರ ಒಳಗೆ ಬಿಡುವ ಭಾಗ) ಕಳಚಿ ಬಂದಿತ್ತು. ಆಗ್ಫಾದವರು ಬಳಸಿದ ಹಸಿರು ಗ್ರೀಸ್ ದಶಕಗಳಲ್ಲಿ ಒಣಗಿ ಅಂಟಿನಂತೆ ಗಟ್ಟಿಯಾಗುವುದರಿಂದ ಈ ಕ್ಯಾಮೆರಾಗಳಲ್ಲಿ ಹೀಗಾಗುವುದು ಸಾಮಾನ್ಯ. ಎರಡನ್ನೂ ಬೇರ್ಪಡಿಸಲು ನಡುವಿನ ಲೆನ್ಸಿನ ಹಿತ್ತಾಳೆಯ ಬಳೆಗೆ ಬಟ್ಟೆ ಸುತ್ತಿ, ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸಿದೆ. ಬಟ್ಟೆ ಗೀರು ಬೀಳದಂತೆ ಕಾಪಾಡಿತೇ ಹೊರತು ಒತ್ತಡವನ್ನು ತಡೆಯಲಿಲ್ಲ. ಪ್ಲೇಯರ್ ಹಿಡಿಯುವುದು ಎರಡೇ ಕಡೆ. ಆ ಬಳೆಯಾದರೋ ಬಹಳ ತೆಳು. ಎರಡು ಕಡೆ ಅದುಮಿದಾಗ ಅದು ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಒಳಗಿನ ಥ್ರೆಡ್ ಮುಂದಿನ ಲೆನ್ಸಿನ ಥ್ರೆಡ್ ಅನ್ನು ಅದೇ ಎರಡು ಜಾಗಗಳಲ್ಲಿ ಕಚ್ಚಿಹಿಡಿಯುತ್ತದೆ. ಬಿಡಿಸಲೆಂದು ನಾನು ಹೆಚ್ಚು ಬಿಗಿಯಾಗಿ ಹಿಡಿದಷ್ಟೂ ಅದು ಹೆಚ್ಚು ಬಿಗಿಯಾಗುತ್ತಿತ್ತು. ಕೊನೆಗೆ ಬಳೆ ಶಾಶ್ವತವಾಗಿ ಸೊಟ್ಟಗಾಯಿತು. ಲೆನ್ಸಿಗಾಗಿಯೇ ಇನ್ನೊಂದು ಕೆಟ್ಟ ಐಸೊಲೆಟ್ ಕೊಳ್ಳಬೇಕಾಯಿತು.

ಆದ್ದರಿಂದ ಸ್ಪ್ಯಾನರ್‌ಗೆ ಬದಲು ಯಾವುದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಕೆಲಸಕ್ಕೆ ಸ್ಪ್ಯಾನರ್ ಬೇಕಾಗಿಯೇ ಇಲ್ಲ. ಅದು ಬೇಕಾಗುವುದು ಬೆಲ್ಲೋಸ್‌ನ (ಲೆನ್ಸಿಗೂ ಕ್ಯಾಮೆರಾದ ಒಡಲಿಗೂ ನಡುವಿನ ಮಡಿಕೆಯ ಚೀಲ) ಒಳಗಿನಿಂದ ಇಡೀ ಶಟರ್ ಅನ್ನು ಬಿಡಿಸುವಾಗ. ಅಲ್ಲಿ ಸ್ಪ್ಯಾನರ್ ಬದಲು ಬಳಸಿದ ಕತ್ತರಿಯ ಮೊನೆ ಜಾರಿದರೆ, ಮೊದಲೇ ಸಣ್ಣ ತೂತುಗಳಿಗೆ ಹೆಸರಾದ ಆ ಬೆಲ್ಲೋಸ್ ಹರಿದೇಹೋಗುತ್ತದೆ. ನಿಮ್ಮನ್ನು ತಡೆಯುತ್ತಿರುವುದು ಗ್ರೀಸ್. ಎರಡನೆಯ ಕ್ಯಾಮೆರಾದಲ್ಲಿ ಜೋಡಿಯಾಗಿ ಬಂದ ಲೆನ್ಸುಗಳನ್ನು ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿಮಾಡಿದೆ. ಪೂರ್ತಿ ತಣ್ಣಗಾದ ನಂತರ, ಡ್ರೈಯರ್ ಅನ್ನು ದೂರ ತೆಗೆದಿಟ್ಟು, ಸಿಗರೇಟ್ ಲೈಟರ್‌ಗೆ ತುಂಬುವ ಪೆಟ್ರೋಲಿನ ಕೆಲವು ಹನಿಗಳನ್ನು ಥ್ರೆಡ್‌ನ ಸಂದಿಗೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಪೆಟ್ರೋಲ್ ಇರುವಾಗ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು. ಆಮೇಲೆ ಎರಡೂ ಲೆನ್ಸುಗಳ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬೆರಳುಗಳಿಂದ ತಿರುಗಿಸಿದೆ. ರಬ್ಬರ್ ಸುತ್ತಲೂ ಸಮನಾಗಿ ಹಿಡಿಯುವುದರಿಂದ ಬಳೆ ಸೊಟ್ಟಗಾಗುವುದಿಲ್ಲ. ತಿರುಗದಿದ್ದರೆ ಇನ್ನೊಂದು ರಾತ್ರಿ ನೆನೆಸಿ, ಬಲ ಹೆಚ್ಚಿಸಬೇಡಿ.

ಹಣ ಕೊಟ್ಟು ತರಲೇಬೇಕಾದದ್ದು ಒಂದೇ, ಗಡಿಯಾರ ರಿಪೇರಿಯವರ ಸಣ್ಣ ಸ್ಕ್ರೂಡ್ರೈವರ್. ಅದರ ತುದಿ ಸ್ಕ್ರೂವಿನ ಸೀಳಿನಲ್ಲಿ ಅಲುಗಾಡದಂತೆ ಕೂರಬೇಕು. ದಪ್ಪವಿದ್ದರೆ ಸಾಣೆಕಲ್ಲಿನ ಮೇಲೆ ಉಜ್ಜಿ ತೆಳುಮಾಡಿ.

ಮರಳಿ ಜೋಡಿಸುವಾಗ ಹಳೆಯ ಗ್ರೀಸ್ ಪೂರ್ತಿ ಒರೆಸಿ, ಹೊಸದನ್ನು ತೆಳುವಾಗಿ ಸವರಿ, ನಡುವಿನ ಲೆನ್ಸ್ ಅನ್ನು ಶಟರ್‌ನಲ್ಲಿ ಕೊನೆಯವರೆಗೂ ಕೂರಿಸಿ. ಅನಂತರ ಹಿಂಬಾಗಿಲು ತೆರೆದು, ಫಿಲ್ಮ್ ಸಾಗುವ ಕಂಬಿಗಳ ಮೇಲೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಅಪರ್ಚರ್ (ಬೆಳಕು ಹಾಯುವ ರಂಧ್ರ) ಅನ್ನು ಪೂರ್ತಿ ತೆರೆದು, ಶಟರ್ ಅನ್ನು ‘ಬಿ’ಯಲ್ಲಿ (ಒತ್ತಿರುವಷ್ಟು ಹೊತ್ತು ತೆರೆದಿರುವ ಗುರುತು) ತೆರೆದಿಟ್ಟು, ದೂರದ ಮೊಬೈಲ್ ಟವರ್ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುವವರೆಗೆ ಮುಂದಿನ ಲೆನ್ಸ್ ತಿರುಗಿಸಿ. ಅದು ಕದಲದಂತೆ ಹಿಡಿದು, ರಿಂಗಿನ ಅನಂತದ (∞) ಗುರುತನ್ನು ಸೂಚಕಕ್ಕೆ ಸರಿಹೊಂದಿಸಿ, ಮೂರೂ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಮಾಡಿ.