ಹೇಸಿಗೆಯೂ ಹೌದು, ಹಿತವೂ ಹೌದು

ಪತ್ರ: ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಬ್ಲ್ಯಾಕ್‌ಹೆಡ್ ತೆಗೆಯುವುದು, ಕಿವಿಯ ಗುಗ್ಗೆ ಎಳೆಯುವುದು, ಹಸುವಿನ ಗೊರಸು ಕೆತ್ತುವುದು ಇಂಥ ವಿಡಿಯೊಗಳನ್ನೇ ನೋಡುತ್ತ ಕೂರುತ್ತೇನೆ. ಹೇಸಿಗೆ ಆಗುತ್ತದೆ, ಬಿಡಲೂ ಆಗುವುದಿಲ್ಲ. ಯಾರಾದರೂ ಬಂದರೆ ಪರದೆ ಮರೆಮಾಡುತ್ತೇನೆ. ನನ್ನಲ್ಲೇ ಏನಾದರೂ ದೋಷವಿದೆಯೇ? ಅಂಥದೇ ಉಪಕರಣಗಳ ಸೆಟ್ಟೊಂದನ್ನು ತರಿಸಿಟ್ಟಿದ್ದೇನೆ. ಬಳಸಬಹುದೇ?
– ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ: ದೋಷವೇನೂ ಇಲ್ಲ. ನಾಚಿಕೆ ಬಿಟ್ಟು ನೋಡಿ. ಸೆಟ್ಟಿನ ವಿಚಾರ ಬೇರೆ. ಅದನ್ನು ಹೇಳುವ ಮೊದಲು ಆ ವಿಡಿಯೊಗಳಲ್ಲಿ ನಡೆಯುವುದೇನು, ಕತ್ತರಿಸಿ ಬಿಟ್ಟಿರುವುದೇನು ಎಂದು ನೋಡೋಣ.

ಕೀವು, ಕೊಳೆತದ್ದು, ದೇಹದಿಂದ ಹೊರಬಿದ್ದದ್ದು ಕಂಡರೆ ಹಿಂದೆ ಸರಿಯುವುದು ಸೋಂಕಿನಿಂದ ಪಾರಾಗಲು ನಮಗೆ ಬಂದಿರುವ ಗುಣ. ಆದರೆ ಅದು ನಮಗೆ ತಗುಲದು ಎಂದು ಗೊತ್ತಿರುವಾಗ ಅದೇ ಅಸಹ್ಯ ರುಚಿಸತೊಡಗುತ್ತದೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಇದನ್ನು ನಿರಪಾಯದ ಆತ್ಮಪೀಡನೆ ಎಂದು ಕರೆದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಖಾರ ತಿನ್ನುವ ಸುಖವನ್ನೂ ಇದೇ ಸಾಲಿಗೆ ಸೇರಿಸಿದರು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೊಡವೆ ಹಿಂಡುವ ವಿಡಿಯೊಗಳನ್ನು ತೋರಿಸುತ್ತ ಮಿದುಳನ್ನು ಸ್ಕ್ಯಾನ್ ಮಾಡಿದ್ದಾರೆ. ಹೋಲಿಕೆಗೆ ಹಬೆಯಿಂದ ಕೊಳೆ ತೊಳೆಯುವ ದೃಶ್ಯಗಳೂ ನೀರಿನ ಕಾರಂಜಿಗಳೂ ಇದ್ದವು. ಮೊಡವೆ ವಿಡಿಯೊ ಇಷ್ಟಪಡದವರಲ್ಲಿ, ಸುಖದ ನಿರೀಕ್ಷೆಗೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗದ ಚಟುವಟಿಕೆ ಇಳಿಯಿತು. ಇಷ್ಟಪಡುವವರಲ್ಲಿ ಅಷ್ಟು ಇಳಿಯಲಿಲ್ಲ. ಇದರ ಜೊತೆಗೆ, ಒಳಗೆ ಸಿಕ್ಕಿಕೊಂಡದ್ದು ಪೂರ್ತಿಯಾಗಿ ಹೊರಬಂದದ್ದನ್ನು ಕಣ್ಣಾರೆ ಕಾಣುವ ಸಮಾಧಾನವೂ ದೊಡ್ಡದೆಂದು ನಮಗನ್ನಿಸುತ್ತದೆ. ದಿನದ ಎಷ್ಟು ಕೆಲಸಗಳಿಗೆ ಅಂಥ ಸ್ಪಷ್ಟ ಮುಕ್ತಾಯವಿದೆ?

ಈಗ ಬ್ಲ್ಯಾಕ್‌ಹೆಡ್. ಅದರ ಕಪ್ಪು ಕೊಳೆಯಲ್ಲ. ರೋಮಕೂಪದಲ್ಲಿ ಚರ್ಮದ ಎಣ್ಣೆ ಮತ್ತು ಸತ್ತ ಜೀವಕೋಶಗಳು ಗಟ್ಟಿಯಾಗಿ ಕೂತು, ತೆರೆದ ಬಾಯಲ್ಲಿ ಗಾಳಿ ತಾಗಿದಾಗ ಅದರಲ್ಲಿರುವ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಪ್ಪಾಗುತ್ತದೆ. ಹಾಗಾಗಿ ಉಜ್ಜಿದರೆ ಹೋಗುವುದಿಲ್ಲ. ಮೂಗಿನ ಮೇಲೆ ಒಂದೇ ಸಮನೆ ಹರಡಿರುವ ಬೂದು ಚುಕ್ಕೆಗಳಂತೂ ಬಹುಪಾಲು ಬ್ಲ್ಯಾಕ್‌ಹೆಡ್ಡೇ ಅಲ್ಲ. ಎಣ್ಣೆಯನ್ನು ಮೇಲಕ್ಕೆ ಸಾಗಿಸುವ ಸಹಜ ಎಳೆಗಳು. ಪಟ್ಟಿ ಅಂಟಿಸಿ ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಪಳಗಿದ ಕೈ ಏನು ಮಾಡುತ್ತದೆ ಗಮನಿಸಿ. ಮೊದಲು ಚರ್ಮವನ್ನು ಮೆದುವಾಗಿಸಿ, ಸ್ಪಿರಿಟ್‌ನಿಂದ ಒರೆಸುತ್ತದೆ. ಬಾಯಿ ಮುಚ್ಚಿದ್ದರೆ ಶುದ್ಧೀಕರಿಸಿದ ಸೂಜಿಯ ತುದಿಯಿಂದ ಚೂರೇ ತೆರೆಯುತ್ತದೆ. ಲೋಹದ ಕುಣಿಕೆಯನ್ನು ಸುತ್ತ ಕೂರಿಸಿ ನೇರ ಕೆಳಕ್ಕೆ, ಸಮನಾಗಿ ಒತ್ತುತ್ತದೆ. ಎರಡು ಮೂರು ಸಲಕ್ಕೆ ಬಾರದಿದ್ದರೆ ಬಿಟ್ಟುಬಿಡುತ್ತದೆ. ಬಿಟ್ಟ ಈ ಭಾಗ ವಿಡಿಯೊದಲ್ಲಿ ಉಳಿಯುವುದೇ ಇಲ್ಲ. ಎರಡು ಉಗುರುಗಳ ನಡುವೆ ಪಕ್ಕದಿಂದ ಹಿಂಡಿದರೆ ರೋಮಕೂಪದ ಗೋಡೆ ಚರ್ಮದೊಳಗೇ ಒಡೆಯುತ್ತದೆ. ಮೇಲೆ ಸ್ವಲ್ಪ ಬಂದಿರುತ್ತದೆ, ಒಳಗೆ ಹೆಚ್ಚು ಚೆಲ್ಲಿರುತ್ತದೆ. ಮರುದಿನ ನೋಯುವ ಗಂಟು, ಆಮೇಲೆ ತಿಂಗಳುಗಟ್ಟಲೆ ಹೋಗದ ಕಲೆ, ಕೆಲವೊಮ್ಮೆ ಗುಳಿ.

ಸಿಸ್ಟ್‌ನಲ್ಲಿ, ಅಂದರೆ ಚರ್ಮದಡಿಯ ಚೀಲದಂಥ ಗಂಟಿನಲ್ಲಿ, ಮೋಸ ಇನ್ನೂ ಹೆಚ್ಚು. ನಡುವೆ ಸಣ್ಣ ಕಪ್ಪು ರಂಧ್ರವಿರುವ ದುಂಡು ಗಂಟನ್ನು ಒತ್ತಿದಾಗ ಬಿಳಿಯ, ನಾರುವ ಮುದ್ದೆ ಉಕ್ಕಿ ಬರುತ್ತದಲ್ಲ, ಅದು ಕೊಬ್ಬಲ್ಲ, ಬಹುತೇಕ ಕೆರಟಿನ್, ಅಂದರೆ ಉಗುರು, ಕೂದಲುಗಳಲ್ಲಿರುವ ಪ್ರೋಟೀನ್. ಅದನ್ನು ತಯಾರಿಸುವುದು ಗಂಟಿನ ಒಳಗಿರುವ ತೆಳುವಾದ ಚೀಲ. ಮುದ್ದೆ ಬಂದ ಕೂಡಲೇ ವಿಡಿಯೊ ಮುಗಿದರೆ ಕೆಲಸ ಅರ್ಧ ಆಗಿದೆ ಎಂದೇ ಅರ್ಥ. ಚೀಲ ಉಳಿದರೆ ಗಂಟು ಮತ್ತೆ ಬರಬಹುದು. ಸರಿಯಾದ ಶಸ್ತ್ರಚಿಕಿತ್ಸೆಯಲ್ಲಿ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ, ರಂಧ್ರದ ಸುತ್ತ ಕಣ್ಣಿನಾಕಾರದಲ್ಲಿ ಕೊಯ್ದು, ಚೀಲವನ್ನು ಸುತ್ತಲ ಅಂಗಾಂಶದಿಂದ ನಿಧಾನವಾಗಿ ಬಿಡಿಸಿ, ಆದಷ್ಟು ಇಡಿಯಾಗಿ ತೆಗೆದು ಹೊಲಿಗೆ ಹಾಕುತ್ತಾರೆ. ಗಂಟು ಕೆಂಪಾಗಿ ಊದಿದ್ದರೆ ಸಾಮಾನ್ಯವಾಗಿ ಊತ ಇಳಿಯುವವರೆಗೆ ಕಾಯುತ್ತಾರೆ, ಏಕೆಂದರೆ ಊದಿರುವಾಗ ತೆಗೆಯಹೋದರೆ ಚೀಲ ಹರಿಯುತ್ತದೆ. ಇನ್ನು ಮುಂದೆ ಮುದ್ದೆಗಿಂತ ಚೀಲವನ್ನು ಹುಡುಕಿ ನೋಡಿ. ಕೈಚಳಕ ಇರುವುದು ಅಲ್ಲಿ.

ಗೊರಸಿನ ವಿಡಿಯೊಗಳ ಬಗ್ಗೆ ನಮಗೆ ಗೌರವವಿದೆ. ಬೆಳೆದ ಗೊರಸಿನ ಮುಂಭಾಗವನ್ನು ಅಳೆದು ಕತ್ತರಿಸಿ, ಅಂಗಾಲನ್ನು ಪದರಪದರವಾಗಿ ಕೆತ್ತುತ್ತ, ಆಗಾಗ ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಬೆರಳಿಗೆ ಬಗ್ಗಿತೆಂದರೆ ಅಂಗಾಲು ತೆಳುವಾಗಿದೆ, ಅಲ್ಲಿಗೆ ನಿಲ್ಲಿಸಬೇಕು. ಕೀವು ಚಿಮ್ಮುವ ಕ್ಷಣಕ್ಕೆ ಎಲ್ಲರೂ ಕಾಯುತ್ತಾರೆ. ಆದರೆ ಹಸುವಿಗೆ ನಿಜವಾದ ಆರಾಮ ಸಿಗುವುದು ಆಮೇಲೆ: ಅದೇ ಪಾದದ ಆರೋಗ್ಯವಂತ ಗೊರಸಿನ ಅಡಿಗೆ ದಪ್ಪ ತುಂಡೊಂದನ್ನು ಅಂಟಿಸುತ್ತಾರೆ. ಭಾರವೆಲ್ಲ ಅದರ ಮೇಲೆ ಬಿದ್ದು, ಹುಣ್ಣಾದ ಗೊರಸು ನೆಲಕ್ಕೆ ತಾಗದೆ ಮಾಯುತ್ತದೆ. ಹಸು ನಡೆದುಹೋಗುವುದನ್ನು ತೋರಿಸುವ ವಿಡಿಯೊಗಳನ್ನೇ ಆರಿಸಿಕೊಳ್ಳಿ.

ಕಿವಿಗೆ ಬರೋಣ. ವಯಸ್ಕರ ಕಿವಿಯ ಕೊಳವೆ ಸುಮಾರು 2.5 ಸೆಂ.ಮೀ. ಉದ್ದ. ಗುಗ್ಗೆ ಹುಟ್ಟುವುದು ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ಚರ್ಮ ಕಿವಿಯ ತಮಟೆಯಿಂದ ಹೊರಮುಖವಾಗಿ ತಾನೇ ಸರಿಯುತ್ತ ಗುಗ್ಗೆಯನ್ನೂ ಹೊರಗೆ ತರುತ್ತದೆ. ತಮಟೆಗೆ ಆತುಕೊಂಡ ಗುಗ್ಗೆಯನ್ನು ಬಹಳ ಸಲ ಹತ್ತಿಕಡ್ಡಿಯೇ ಅಲ್ಲಿಗೆ ತಳ್ಳಿರುತ್ತದೆ. ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸಣ್ಣ ನಳಿಕೆಯಿಂದ ಹೀರಿ ತೆಗೆಯುತ್ತಾರೆ, ಇಲ್ಲವೇ ನೀರು ಹಾಯಿಸುತ್ತಾರೆ. ನೀರು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ತಣ್ಣಗಿದ್ದರೆ ಒಳಗಿವಿಯ ಸಮತೋಲನ ಕೆಟ್ಟು ತಲೆ ತಿರುಗುತ್ತದೆ. ಕಿವಿ ಕೆದಕಿದರೆ ಕೆಲವರಿಗೆ ಕೆಮ್ಮು ಬರುತ್ತದೆ, ಮಿದುಳಿನಿಂದ ಗಂಟಲು, ಎದೆಗಳಿಗೆ ಹೋಗುವ ವೇಗಸ್ ನರದ ಕವಲೊಂದು ಅಲ್ಲಿರುವುದರಿಂದ. ಕೆಮ್ಮಿಗೆ ತಲೆ ಅಲುಗಿದಾಗ ಕಿವಿಚಮಚ ಎಲ್ಲಿಗೆ ಚುಚ್ಚುತ್ತದೆ ಯೋಚಿಸಿ. ಕ್ಯಾಮೆರಾ ಇರುವ ಕಿವಿಚಮಚವೂ ಸುರಕ್ಷಿತವಲ್ಲ. ಮೊಬೈಲ್ ಪರದೆಯ ಚಿತ್ರ ಆಳ ತೋರಿಸುವುದಿಲ್ಲ.

ಆದ್ದರಿಂದ ಸೆಟ್ಟಿನಲ್ಲಿರುವ ಕಿವಿಚಮಚವನ್ನೂ ಚೂಪು ಸೂಜಿಯನ್ನೂ ತೆಗೆದುಹಾಕಿ. ಗುಗ್ಗೆ ಗಟ್ಟಿಯಾಗಿದ್ದರೆ ಕೆಲವು ದಿನ 2–3 ಹನಿ ಆಲಿವ್ ಎಣ್ಣೆ ಸಾಕು. ತಮಟೆ ತೂತಾಗಿದ್ದರೆ, ನೋವಿದ್ದರೆ, ಸೋರುತ್ತಿದ್ದರೆ ಅದೂ ಬೇಡ. ಕಿವಿ ದಿಢೀರನೆ ಕೇಳಿಸದಾದರೆ ಗುಗ್ಗೆಯೆಂದು ಕಾಯದೆ ಅಂದೇ ವೈದ್ಯರ ಬಳಿ ಹೋಗಿ. ಕುಣಿಕೆಯನ್ನು ಬಾಯಿ ತೆರೆದ ಬ್ಲ್ಯಾಕ್‌ಹೆಡ್‌ಗೆ ಮಾತ್ರ, ಸ್ನಾನದ ನಂತರ, ಕೈ ಮತ್ತು ಉಪಕರಣ ಶುಚಿ ಮಾಡಿ, ಎರಡು ಸಲ ಮೆಲ್ಲಗೆ ಒತ್ತಿ ನೋಡಬಹುದು. ಅದಕ್ಕಿಂತ ಒಳ್ಳೆಯದು 2 ಶೇಕಡಾ ಸ್ಯಾಲಿಸಿಲಿಕ್ ಆಮ್ಲ ಹಚ್ಚುವುದು, ಮೊದಲಿಗೆ ದಿನ ಬಿಟ್ಟು ದಿನ. ಮೊಡವೆಗೆ ಹಚ್ಚುವ ಅಡಾಪಲೀನ್ 0.1 ಶೇಕಡಾ ಜೆಲ್ ಆದರೆ ಮುಖಕ್ಕೆಲ್ಲ ಸೇರಿ ಬಟಾಣಿ ಗಾತ್ರದಷ್ಟು, ರಾತ್ರಿ ಮಾತ್ರ. ಗರ್ಭಿಣಿಯರು ಬಳಸಬಾರದು. ಮೊದಲ ವಾರಗಳಲ್ಲಿ ಚರ್ಮ ಸುಲಿದು ಮೊಡವೆ ಹೆಚ್ಚಿದಂತೆ ಕಾಣುತ್ತದೆ. 8ರಿಂದ 12 ವಾರ ಬಿಡದೆ ಹಚ್ಚಿದರೆ ಫಲ ಗೊತ್ತಾಗುತ್ತದೆ. ಕೀವಾದ ಮೊಡವೆಗೆ ರಾತ್ರಿ, ಒಸರುವುದನ್ನು ಹೀರಿಕೊಳ್ಳುವ ಹೈಡ್ರೊಕೊಲಾಯ್ಡ್ ಪಟ್ಟಿ ಅಂಟಿಸಿ. ಮೂಗು, ಮೇಲ್ದುಟಿಗಳ ಸುತ್ತ ಹಿಂಡಲೇಬೇಡಿ. ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ತಳದ ರಕ್ತನಾಳಗಳೊಂದಿಗೆ ಸಂಪರ್ಕವಿದೆ, ಅಪರೂಪಕ್ಕಾದರೂ ಸೋಂಕು ಅಲ್ಲಿಗೇರುತ್ತದೆ.

ನೋಡುವುದು ಕಾಯಿಲೆಯಲ್ಲ. ನೋಡುತ್ತ ನೋಡುತ್ತ ಕೈ ನಿಮ್ಮದೇ ಚರ್ಮ ಕೆರೆಯತೊಡಗಿ, ಗಾಯವಾದರೂ ನಿಲ್ಲಿಸಲಾಗದಿದ್ದರೆ ಮಾತ್ರ ಅದು ಬೇರೆ ವಿಷಯ. ಚರ್ಮ ಕೀಳುವ ಈ ಗೀಳನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ಅಭ್ಯಾಸ ಬದಲಿಸುವ ತರಬೇತಿಯಿಂದ ಅದು ಹತೋಟಿಗೆ ಬರುತ್ತದೆ, ಸಂಕೋಚಪಡದೆ ಮನೋವೈದ್ಯರನ್ನು ಕಾಣಿ. ಹಾಗೆಯೇ, ಮೊಡವೆಯಂತೆ ಕಂಡರೂ 4 ವಾರವಾದರೂ ಮಾಯದೆ ಆಗಾಗ ರಕ್ತ ಒಸರುವ ಗುಳ್ಳೆಯನ್ನು ಮುಟ್ಟಬೇಡಿ. ಚರ್ಮದ ಕ್ಯಾನ್ಸರ್‌ನ ಒಂದು ಬಗೆ ಹಾಗೆಯೇ ಕಾಣಿಸಿಕೊಳ್ಳುತ್ತದೆ. ಅದನ್ನು ಚರ್ಮತಜ್ಞರಿಗೇ ತೋರಿಸಿ.