ಮಂಜೂರಾದ ಹಣ ಖಾತೆಗೆ ಬಂದಿಲ್ಲವೇಕೆ?

ಪತ್ರದ ಸಾರ: ಮಗಳು ಬಿ.ಎಸ್ಸಿ. ಎರಡನೇ ವರ್ಷ, ಪರಿಶಿಷ್ಟ ಜಾತಿ. ರಾಜ್ಯದ ವಿದ್ಯಾರ್ಥಿವೇತನ ತಾಣ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದಿದೆ, ಪಾಸ್‌ಬುಕ್ಕಿನಲ್ಲಿ ಹಣವಿಲ್ಲ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು, ‘ಬ್ಯಾಂಕಿನಲ್ಲೇ ಕೇಳಿ’ ಎಂದು ಇಲಾಖೆಯವರು.

ಸಂಪಾದಕರ ಉತ್ತರ:

ಇಬ್ಬರು ಹೇಳುವುದೂ ಸುಳ್ಳಿರಲಿಕ್ಕಿಲ್ಲ. ಖಾತೆಗೆ ಆಧಾರ್ ಲಿಂಕ್ ಆಗುವುದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಸೀಡಿಂಗ್ ಆಗುವುದು, ಅಂದರೆ ಈ ಆಧಾರ್‌ನ ಹಣ ಈ ಬ್ಯಾಂಕಿಗೆ ಎಂದು ದಾಖಲಾಗುವುದು ಬೇರೆ. ಸರ್ಕಾರ ಹಣ ಹಾಕುವಾಗ ಖಾತೆ ಸಂಖ್ಯೆ ನೋಡುವುದಿಲ್ಲ. ಆಧಾರ್ ಸಂಖ್ಯೆಗೆ ಹಾಕುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು, ಅದೂ ಕೊನೆಯದಾಗಿ ಸೀಡ್ ಆದದ್ದು. ಮೊಬೈಲ್ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಿ, ಸಬ್ಸಿಡಿ ಇಲ್ಲಿಗೇ ಬರಲಿ ಎಂಬ ಚೌಕಕ್ಕೆ ಟಿಕ್ ಹಾಕಿ ಮರೆತುಬಿಡುವ ಮಕ್ಕಳು ಬಹಳ. ಹಣ ಅಲ್ಲಿಯೇ ಕುಳಿತಿರಬಹುದು. ಮಗಳನ್ನು ಮೊದಲು ಇದನ್ನೇ ಕೇಳಿ. ಬೈಯಬೇಡಿ, ಅಂಥ ಖಾತೆ ಇದ್ದರೆ ಹಣ ಸಿಕ್ಕಂತೆಯೇ.

ನೋಡುವುದು ಹೀಗೆ: ಮೈಆಧಾರ್ ತಾಣದಲ್ಲಿ ಮಗಳ ಆಧಾರ್ ಸಂಖ್ಯೆ, ಒಟಿಪಿ ಹಾಕಿ ಒಳಹೊಕ್ಕು ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆಯಿರಿ. ಬ್ಯಾಂಕಿನ ಹೆಸರು ಮತ್ತು ‘ಆಕ್ಟಿವ್’ ಅಥವಾ ‘ಇನ್‌ಆಕ್ಟಿವ್’ ಎಂದು ಕಾಣುತ್ತದೆ. ಒಟಿಪಿ ಬಾರದಿದ್ದರೆ ಆಧಾರ್‌ನಲ್ಲಿರುವುದು ಹಳೆಯ ಮೊಬೈಲ್ ಸಂಖ್ಯೆ ಇರಬಹುದು. ಮೊದಲು ಅದನ್ನು ಬದಲಿಸಿಕೊಳ್ಳಬೇಕು, ಆಧಾರ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಹಣ ಯಾವ ಬ್ಯಾಂಕಿಗೆ, ಯಾವಾಗ ಹೋಗಿದೆ ಎಂಬುದನ್ನು ಡಿಬಿಟಿ (ಸರ್ಕಾರದ ನೇರ ನಗದು ವರ್ಗಾವಣೆ) ಕರ್ನಾಟಕ ಆ್ಯಪ್ ತೋರಿಸುತ್ತದೆ.

‘ಇನ್‌ಆಕ್ಟಿವ್’ ಇದ್ದರೆ, ಅಥವಾ ಬೇಡದ ಬ್ಯಾಂಕಿನ ಹೆಸರಿದ್ದರೆ, ಬೇಕಾದ ಶಾಖೆಗೆ ಮಗಳೇ ಹೋಗಲಿ. ‘ಆಧಾರ್ ಲಿಂಕ್ ಮಾಡಿ’ ಎನ್ನದೆ ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿ’ ಎಂದು ಕೇಳಿ, ಒಪ್ಪಿಗೆ ಪತ್ರ ಬರೆದುಕೊಡಲಿ. ಕೆಲವು ದಿನ ಬಿಟ್ಟು ಅದೇ ಪುಟ ಮತ್ತೆ ನೋಡಿ. ಗುಮಾಸ್ತರ ಬಾಯಿಮಾತು ಸಾಲದು.

ಹಣ ಯಾವ ಖಾತೆಗೂ ಸೇರದೆ ವಾಪಸಾಗಿದ್ದರೆ ಸೀಡಿಂಗ್ ಪುಟದ ಪ್ರತಿ, ಎಸ್‌ಎಸ್‌ಪಿ ಅರ್ಜಿಯ ಪ್ರತಿ ಲಗತ್ತಿಸಿ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ ಮರುಪಾವತಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಈ ಹಂತದಲ್ಲಿ ಕಾಲೇಜಿನಿಂದ ಆಗುವುದು ಏನೂ ಇಲ್ಲ.

ಇನ್ನೊಂದು ಮಾತು. ಪರಿಶಿಷ್ಟ ಜಾತಿಯವರಿಗೆ ಈ ಯೋಜನೆಯ ಹಣ ಎರಡು ಪಾಲಾಗಿ ಬರುತ್ತದೆ: ರಾಜ್ಯದ ಶೇ 40 ಮೊದಲು, ಕೇಂದ್ರದ ಶೇ 60 ಆಮೇಲೆ. ಒಂದು ಪಾಲು ಬಂದ ಮೇಲೆ ‘ಕಡಿಮೆ ಬಂತು’ ಎಂದು ಖಾತೆ ಬದಲಿಸಲು ಹೋಗಬೇಡಿ, ಎರಡನೆಯದೂ ದಾರಿ ತಪ್ಪೀತು.